ಅಭಿಮಾನಿಗಳ ಸಮಾವೇಶದಲ್ಲಿ ಮನೆಯ ಕುಕೀ, ಕೇಕ್ ಮಾರಾಟ: ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಕಾಮಿಕ್ಸ್ ಮತ್ತು ಅನಿಮೆ (ಜಪಾನಿ ಅನಿಮೇಷನ್) ಅಭಿಮಾನಿಗಳ ಎರಡು ದಿನಗಳ ಸಮಾವೇಶವೊಂದರಲ್ಲಿ ಮಳಿಗೆ ಹಾಕಿ, ಮನೆಯಲ್ಲೇ ತಯಾರಿಸಿದ ಕಪ್‌ಕೇಕ್ ಮತ್ತು ಕುಕೀಗಳನ್ನು ಮಾರಬೇಕೆಂದಿದ್ದೇನೆ. ಬೇಕಿಂಗ್ ಕೈಗೆ ಒಗ್ಗಿದೆ, ಮಾರಾಟ ಹೊಸದು. ಈ ಮೊದಲು ಇಂಥ ಮಳಿಗೆ ನಡೆಸಿದವರು ತಮ್ಮ ಅನುಭವವನ್ನು ದಯವಿಟ್ಟು ಹಂಚಿಕೊಳ್ಳಿ.

ಉತ್ತರ 1: ಮಳಿಗೆಗೆ ಹಣ ಕಟ್ಟುವ ಮೊದಲೇ ಆಯೋಜಕರನ್ನೂ ಸಭಾಂಗಣದವರನ್ನೂ ಬೇರೆ ಬೇರೆಯಾಗಿ ವಿಚಾರಿಸಿ. ಅನೇಕ ಸಭಾಂಗಣಗಳು ಆಹಾರ ಮಾರಾಟದ ಹಕ್ಕನ್ನು ಒಬ್ಬರೇ ಗುತ್ತಿಗೆದಾರರಿಗೆ ಕೊಟ್ಟಿರುತ್ತವೆ. ಅಂಥಲ್ಲಿ ಆಯೋಜಕರು ಒಪ್ಪಿದರೂ ನಿಮ್ಮ ಡಬ್ಬಿಗಳು ಬಾಗಿಲು ದಾಟುವುದಿಲ್ಲ. ನನಗೆ ಈ ವಿಷಯ ತಿಳಿದದ್ದು ಹಿಂದಿನ ದಿನ ಸಂಜೆ. ಮೊಹರು ಮಾಡಿದ, ಮನೆಗೆ ಒಯ್ಯುವ ಪೊಟ್ಟಣಗಳಿಗೆ ಮಾತ್ರ ಅನುಮತಿ ಎಂದರು. ಅರವತ್ತು ಕಪ್‌ಕೇಕ್‌ಗಳನ್ನು ನೆಂಟರಿಷ್ಟರಿಗೆ ಹಂಚಿದೆ, ಅವರಂತೂ ಬಹಳ ಸಂತೋಷಪಟ್ಟರು. ಮನೆಯ ಅಡುಗೆಮನೆಯಲ್ಲಿ ಮಾಡಿದ್ದನ್ನು ಮಾರಲು ನೋಂದಣಿ ಬೇಕೇ ಎಂಬುದನ್ನೂ ವಿಚಾರಿಸಿ, ಉತ್ತರವನ್ನು ಲಿಖಿತವಾಗಿಯೇ ಪಡೆದಿಟ್ಟುಕೊಳ್ಳಿ.

ಉತ್ತರ 2: ಅನುಮತಿ ಸಿಕ್ಕರೂ ಕಪ್‌ಕೇಕ್ ಬೇಡವೆಂದೇ ನನ್ನ ಸಲಹೆ. ಬೆಣ್ಣೆ ಸುಮಾರು 32ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅದಕ್ಕೂ ಬಹಳ ಮೊದಲೇ ಮೆತ್ತಗಾಗುತ್ತದೆ. ದೀಪಗಳ ಕೆಳಗೆ, ಜನಸಂದಣಿಯ ನಡುವೆ ಬೆಣ್ಣೆ-ಸಕ್ಕರೆಯ ಬಟರ್‌ಕ್ರೀಮಿನ ಹೂವುಗಳು ಮಧ್ಯಾಹ್ನದ ಹೊತ್ತಿಗೆ ಒಂದು ಪಕ್ಕಕ್ಕೆ ವಾಲಿರುತ್ತವೆ. ಆದರೆ ನನ್ನ ಮನಸ್ಸು ಬದಲಾಯಿಸಿದ್ದು ಬಿಸಿಯಲ್ಲ, ತನ್ನ ಮೆಚ್ಚಿನ ಪಾತ್ರದ ವೇಷ ತೊಟ್ಟು ಬಂದ ಒಬ್ಬ ಗ್ರಾಹಕಿ. ಮೊಣಕೈವರೆಗೆ ಕೈಗವಸು, ಸೊಂಟ ಮುಟ್ಟುವ ಕೃತಕ ಕೂದಲು, ಗಂಟೆಗಟ್ಟಲೆ ಕೂತು ಬಳಿದಂತಿದ್ದ ತುಟಿಬಣ್ಣ. ಆಕೆ ಕಪ್‌ಕೇಕನ್ನು ನೋಡಿದಳು, ತನ್ನ ಕೈಗವಸನ್ನು ನೋಡಿಕೊಂಡಳು, ನಿಟ್ಟುಸಿರಿಟ್ಟು ಪಕ್ಕದಲ್ಲಿದ್ದ ಒಂದು ಕುಕೀ ಪೊಟ್ಟಣವನ್ನು ಕೊಂಡು ಸೊಂಟದ ಚೀಲಕ್ಕೆ ಸೇರಿಸಿ ಹೊರಟಳು. ವೇಷ ತೊಟ್ಟವರು ಅಲ್ಲಿಯೇ ನಿಂತು ತಿನ್ನುವುದಿಲ್ಲ, ಆಮೇಲೆ ತಿನ್ನಲು ಒಯ್ಯುತ್ತಾರೆ. ಆದ್ದರಿಂದ ಚಪ್ಪಟೆಯಾದ, ಪುಡಿ ಉದುರದ, ಎರಡು ತುತ್ತಿನ ತಿನಿಸನ್ನು ಒಂದೊಂದಾಗಿ ಕಟ್ಟಿಡಿ. ಮೇಲೆ ಸಕ್ಕರೆ ಪುಡಿ ಉದುರಿಸಲೇಬೇಡಿ. ಕಪ್ಪು ನಿಲುವಂಗಿಯ ಮೇಲೆ ಬಿದ್ದರೆ ನಿಮಗೆ ಕ್ಷಮೆಯಿಲ್ಲ.

ಉತ್ತರ 3: ಮೇಲಿನವರ ಮಾತಿಗೆ ಇಷ್ಟು ಸೇರಿಸುತ್ತೇನೆ. ಕಸ್ಟರ್ಡ್, ಹಾಲಿನ ಕೆನೆ, ಚೀಸ್‌ಕೇಕ್ ಇವನ್ನು 5 ಡಿಗ್ರಿಗಿಂತ ತಣ್ಣಗೆ ಇಡಬೇಕಾಗುತ್ತದೆ, ಮಳಿಗೆಯ ಮೇಜಿನ ಮೇಲೆ ಅದು ಆಗದ ಕೆಲಸ. ಕುಕೀ, ಬ್ರೌನಿಗಳು ಕೆಲವು ದಿನ ತಡೆಯುತ್ತವೆ. ಬ್ರೌನಿಗಳನ್ನು ಒಂದು ವಾರ ಮೊದಲೇ ಬೇಯಿಸಿ ಫ್ರೀಜರ್‌ನಲ್ಲಿಡಬಹುದು. ಹೊರತೆಗೆದ ಮೇಲೆ ಸುತ್ತಿದ ಹಾಳೆಯನ್ನು ಬಿಚ್ಚದೆಯೇ ಕರಗಲು ಬಿಟ್ಟರೆ ನೀರಹನಿಗಳು ಹಾಳೆಯ ಹೊರಗೆ ಕೂರುತ್ತವೆ, ಬ್ರೌನಿ ಅಂಟಾಗುವುದಿಲ್ಲ. ಬಿಸಿಯಿರುವಾಗಲೇ ಪೊಟ್ಟಣ ಮುಚ್ಚಿದರೆ ಒಳಗೆ ಬೆವರು ಕಟ್ಟಿ ಬೂಷ್ಟು ಹಿಡಿಯುತ್ತದೆ. ಕುಕೀಗಳಿಗೆ ರಾಯಲ್ ಐಸಿಂಗ್ (ಮೊಟ್ಟೆಯ ಬಿಳಿ, ಸಕ್ಕರೆ ಪುಡಿಯಿಂದ ಮಾಡುವ, ಒಣಗಿ ಗಟ್ಟಿಯಾಗುವ ಲೇಪ) ಹಾಕುವುದಾದರೆ ಇಡೀ ರಾತ್ರಿ ಒಣಗಲು ಬಿಡಿ, ಮೇಲ್ಪದರ ಗಟ್ಟಿಯಾದಂತೆ ಕಂಡರೂ ಒಳಗೆ ಹಸಿಯಿರುತ್ತದೆ. ಪ್ರತಿ ಪೊಟ್ಟಣದ ಮೇಲೂ ಸಾಮಗ್ರಿಗಳ ಪಟ್ಟಿ ಇರಲಿ. ಗೋಧಿ, ಹಾಲು, ಮೊಟ್ಟೆ, ಸೋಯಾ, ಎಳ್ಳು, ಕಡಲೆಕಾಯಿ, ಗೋಡಂಬಿ-ಬಾದಾಮಿಗಳಂಥ ಅಲರ್ಜಿಕಾರಕಗಳು ಎದ್ದು ಕಾಣುವಂತೆ ಬರೆದಿರಬೇಕು.

ಪ್ರಶ್ನೆ ಕೇಳಿದವರು: ಕುಕೀಗಳ ಮೇಲೆ ಪಾತ್ರಗಳ ಮುಖ ಬಿಡಿಸಬಹುದೇ?

ಉತ್ತರ 2: ಪಾತ್ರಗಳ ಹಕ್ಕು ಅವುಗಳ ಒಡೆಯರದ್ದು, ಕೈಯಾರೆ ಬಿಡಿಸಿದಿರೆಂದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ನಾನು ಮುಖಗಳ ಗೊಡವೆಗೆ ಹೋಗದೆ ನಕ್ಷತ್ರ, ಕತ್ತಿ, ಮದ್ದಿನ ಶೀಸೆ, ಡ್ರ್ಯಾಗನ್ ಮೊಟ್ಟೆಯಂಥ ಯಾರ ಸ್ವತ್ತೂ ಅಲ್ಲದ ಆಕಾರಗಳನ್ನು ಕತ್ತರಿಸುತ್ತೇನೆ. ಎಲ್ಲರೂ ಅದರಲ್ಲಿ ತಮ್ಮ ತಮ್ಮ ಕಥೆಯನ್ನೇ ಕಂಡುಕೊಳ್ಳುತ್ತಾರೆ.

ಉತ್ತರ 1: ಚಿಲ್ಲರೆ ಸಾಕಷ್ಟು ಒಯ್ಯಿರಿ, ಜನ ತುಂಬಿದ ಸಭಾಂಗಣದಲ್ಲಿ ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತದೆ. ಜೊತೆಗೆ ಇನ್ನೊಬ್ಬರಿರಲಿ, ಶೌಚಾಲಯದ ಸಾಲು ನೀವೆಣಿಸಿದ್ದಕ್ಕಿಂತ ಉದ್ದವಿರುತ್ತದೆ. ಎರಡನೆಯ ದಿನದ ಸರಕನ್ನು ಮೊದಲ ದಿನವೇ ಮೇಜಿಗೆ ತರಬೇಡಿ.