ಬರ್ಲಿನ್ ಅರಮನೆ ಉರುಳಿಸಿದೋರೂ ಕಮ್ಯುನಿಸ್ಟರು, ವಾರ್ಸಾ ಮತ್ತೆ ಕಟ್ಟಿದೋರೂ ಕಮ್ಯುನಿಸ್ಟರು. ಹೇಗೆ?

ಸ್ಪ್ರೀ ದಂಡೆ:
ಬರ್ಲಿನ್‌ನಲ್ಲಿ ಕೆಲ್ಸಕ್ಕಿದೀನಿ, ಆಫೀಸಿಗೆ ಹೋಗೋ ದಾರೀಲೇ ಹುಂಬೋಲ್ಟ್ ಫೋರಂ ಸಿಗುತ್ತೆ, ಹಳೇ ಬರ್ಲಿನ್ ಅರಮನೆ ಜಾಗದಲ್ಲಿ ಅದೇ ಥರ ಕಟ್ಟಿರೋ ಮ್ಯೂಸಿಯಂ. ಹೊರಗಿಂದ ಮುನ್ನೂರು ವರ್ಷದ ಅರಮನೆ ಥರ ಕಾಣ್ಸುತ್ತೆ, ಆದ್ರೆ ಜನಕ್ಕೆ ಬಾಗಿಲು ತೆಗೆದಿದ್ದೇ 2021ರಲ್ಲಿ, ಒಳಗೆಲ್ಲಾ ಕಾಂಕ್ರೀಟು. ಅಸಲಿ ಅರಮನೆ 1945 ಫೆಬ್ರವರಿ ಬಾಂಬ್ ದಾಳೀಲಿ ಸುಟ್ಟೋಗಿತ್ತು, ಆದ್ರೂ ಗೋಡೆಗಳು ನಿಂತಿದ್ವು, ಯುದ್ಧ ಮುಗಿದ್ಮೇಲೆ ಒಂದ್ ಕಡೆ ಎಕ್ಸಿಬಿಷನ್ನೂ ನಡೀತಂತೆ, ಅಂಥದ್ದನ್ನ 1950ರಲ್ಲಿ ಪೂರ್ವ ಜರ್ಮನಿ ಸರ್ಕಾರ ಸ್ಫೋಟಕ ಇಟ್ಟು ಕೆಡವ್ತು. ಅದೇ ಟೈಮಲ್ಲಿ ಪಕ್ಕದ ಪೋಲೆಂಡಿನ ಕಮ್ಯುನಿಸ್ಟ್ ಸರ್ಕಾರ ವಾರ್ಸಾದ ಹಳೇ ಪೇಟೆನ ಇದ್ದ ಹಾಗೇ ಮತ್ತೆ ಕಟ್ಟಿಸ್ತಿತ್ತು. ಸಿದ್ಧಾಂತ ಒಂದೇ ಅಲ್ವಾ ಇಬ್ರದ್ದೂ? ದಯವಿಟ್ಟು ನಮ್ಮೂರಿನ ಲೆಫ್ಟು ರೈಟು ಜಗಳ ಇಲ್ಲಿಗೆ ತರಬೇಡಿ, ಗೊತ್ತಿರೋರು ಹೇಳಿ.

ಹಳೇ ನಕಾಶೆ:
ಕಟ್ಟಡ ಯಾರ ನೆನಪು ತರುತ್ತೆ ಅನ್ನೋದ್ರ ಮೇಲೆ ಹೋಗುತ್ತೆ ಇದು. ಬರ್ಲಿನ್ ಅರಮನೆ ಅಂದ್ರೆ ಹಳೇ ಪ್ರಷ್ಯಾ ರಾಜ್ಯದ ರಾಜರು, ಕೈಸರ್ (ಜರ್ಮನ್ ಚಕ್ರವರ್ತಿ), ಮಿಲಿಟರಿ. ಪೂರ್ವ ಜರ್ಮನಿ ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥ ಉಲ್‌ಬ್ರಿಖ್ಟ್‌ಗೆ ಅದು ಕಣ್ಣಿಗೆ ಚುಚ್ಚೋದು, ಜೊತೆಗೆ ಪಕ್ಷದ ಮೆರವಣಿಗೆಗೆ ದೊಡ್ಡ ಮೈದಾನ ಬೇರೆ ಬೇಕಿತ್ತು, ಮಾರ್ಕ್ಸ್ ಎಂಗೆಲ್ಸ್ ಚೌಕ ಅಂತ ಮಾಡಿದ್ರು.

ವಾರ್ಸಾ ಕಥೆನೇ ಬೇರೆ. 1944ರಲ್ಲಿ ಪೋಲಿಷ್ ಜನ ಜರ್ಮನ್ನರ ವಿರುದ್ಧ ದಂಗೆ ಎದ್ದ ಮೇಲೆ ನಾಝಿಗಳು ಬೀದಿ ಬೀದಿ ಹುಡುಕಿ ಬೇಕು ಅಂತಲೇ ಸುಟ್ಟು ಸ್ಫೋಟಿಸಿ ನಾಶ ಮಾಡಿದ್ರು, ಹಾಗಾಗಿ ಅದನ್ನ ಮತ್ತೆ ಕಟ್ಟೋದೇ ಹಿಟ್ಲರ್‌ಗೆ ಉತ್ತರ ಕೊಟ್ಟ ಹಾಗೆ. ಇನ್ನೊಂದೇನಂದ್ರೆ ಮಾಸ್ಕೋ ಬೆಂಬಲದಿಂದ ಬಂದ ಸರ್ಕಾರಕ್ಕೆ ಪೋಲಿಷ್ ಜನ ‘ನಮ್ಮೋರು’ ಅನ್ನಬೇಕಿತ್ತು. ಪೇಟೆ ಚೌಕ ಉದ್ಘಾಟನೆಗೆ ಆರಿಸಿಕೊಂಡ ದಿನ ನೋಡಿ, 1953 ಜುಲೈ 22, ಅದು ಆ ಸರ್ಕಾರದ್ದೇ ರಾಷ್ಟ್ರೀಯ ಹಬ್ಬ. ‘ಇದ್ದ ಹಾಗೇ’ ಕಟ್ಟಿದ್ರು ಅನ್ನೋದು ಪೂರ್ತಿ ನಿಜ ಅಲ್ಲ. 18ನೇ ಶತಮಾನದಲ್ಲಿ ಬೆಲ್ಲೊಟ್ಟೊ ಬರೆದ ಊರಿನ ಪೇಂಟಿಂಗ್‌ಗಳನ್ನೂ ನೋಡ್ಕೊಂಡು ಕಟ್ಟಿದ್ದಾರೆ, 19ನೇ ಶತಮಾನದಲ್ಲಿ ಬಾಡಿಗೆ ಆಸೆಗೆ ಹಿತ್ತಲಲ್ಲಿ ಒತ್ತಿ ಒತ್ತಿ ಕಟ್ಟಿದ್ದನ್ನ ಬಹಳಷ್ಟು ಕೈಬಿಟ್ರು. ಆದ್ರೂ 1980ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು.

ವಾರ್ಸಾದ ರಾಜರ ಅರಮನೆ ವಿಷ್ಯದಲ್ಲಿ ಮಾತ್ರ ಪೋಲಿಷ್ ಪಕ್ಷನೂ ಮೀನಮೇಷ ಎಣಿಸ್ತು. ಪಕ್ಷದ ಮುಖ್ಯಸ್ಥ ಗೊಮುಲ್ಕಾ ಇರೋವರೆಗೂ ಆಗ್ಲಿಲ್ಲ. 1970 ಡಿಸೆಂಬರಲ್ಲಿ ಸಮುದ್ರ ತೀರದ ಊರುಗಳಲ್ಲಿ ಕಾರ್ಮಿಕರ ಮೇಲೆ ಗುಂಡು ಹಾರಿಸಿ ಸರ್ಕಾರದ ಮರ್ಯಾದೆ ಹೋಗಿತ್ತಲ್ಲ, ಹೊಸದಾಗಿ ಬಂದ ಗಿಯೆರೆಕ್ 1971ರ ಶುರುವಲ್ಲೇ ಅರಮನೆ ಮತ್ತೆ ಕಟ್ಟೋಕೆ ಒಪ್ಪಿಗೆ ಕೊಟ್ಟ. ಸಿದ್ಧಾಂತ ಏನೂ ಬದಲಾಗಿರ್ಲಿಲ್ಲ.

ಧಾರವಾಡ ಪೇಢೆ:
ನಕಾಶೆ ಸರ್ ಹೇಳಿದ್ದು ಖರೇ ಅದ, ಆದ್ರ ಉಲ್‌ಬ್ರಿಖ್ಟ್‌ಗೆ ರಾಜರ ಕಟ್ಟಡ ಎಲ್ಲಾ ಬ್ಯಾಡಾಗಿತ್ತು ಅಂತ ತಿಳ್ಕೋಬ್ಯಾಡ್ರಿ. ಅರಮನಿ ಕೆಡವಿದ ಮರುವರ್ಷನ ಅದ ರಸ್ತಾದಾಗ ಒಪೆರಾ ಹೌಸ್ ರಿಪೇರಿ ಚಾಲೂ ಮಾಡಿ 1955ಕ್ಕ ತಗದ್ರು. ಅದನ್ನ ಕಟ್ಟಿಸಿದಾಂವ ಯಾರು, ಫ್ರೆಡ್ರಿಕ್ ಮಹಾರಾಜ! 1980ಕ್ಕ ಅವನ ಕುದರಿ ಮ್ಯಾಲಿನ ಮೂರ್ತೀನೂ ತಿರುಗಿ ತಂದು ನಿಲ್ಲಿಸಿದ್ರು. ಅರಮನಿ ಒಂದು ಬಾಗಲಾ ಮಾತ್ರ ಉಳಸ್ಕೊಂಡ್ರು, ಯಾಕಂದ್ರ 1918ರಾಗ ಎಡಪಂಥೀಯ ನಾಯಕ ಕಾರ್ಲ್ ಲೀಬ್‌ಕ್ನೆಖ್ಟ್ ಸಮಾಜವಾದಿ ಗಣರಾಜ್ಯ ಅಂತ ಘೋಷಣಾ ಮಾಡಿದ್ದು ಅಲ್ಲಿಂದಂತ. ಅದರ ತುಣುಕು ಹಾಕಿ ಸರ್ಕಾರಿ ಕಚೇರಿ ಮುಂಭಾಗ ಕಟ್ಟಿದ್ರು, ಈಗ ಆ ಕಟ್ಟಡದಾಗ ಎಂಬಿಎ ಕಲಸ್ತಾರ 😀

ಪಶ್ಚಿಮದವ್ರೇನು ಭಾಳ ಶಾಣ್ಯಾ ಅಂತಿರೇನು? ಬ್ರೌನ್‌ಶ್ವೈಗ್ ಅರಮನಿ ಯುದ್ಧದಾಗ ಹಾಳಾಗಿತ್ತು, 1960ಕ್ಕ ಕೆಡವಿದ್ರು, ಅದು ಪಶ್ಚಿಮ ಜರ್ಮನಿನ. 2007ರಾಗ ಅದ ಮುಖ ಇಟ್ಟು ಹಿಂದ ಶಾಪಿಂಗ್ ಮಾಲ್ ಕಟ್ಟಿದ್ರು. ಮಾಲ್ ಅನ್ನೂದೂ ಒಂದು ಸಿದ್ಧಾಂತನ ನೋಡ್ರಿ.

ಕುಂದಾಪ್ರ ಕೋಡಿ:
ಎಲ್ರೂ 1950ಕ್ಕೆ ಬೈತೀರಿ, 2006ರ ಬಗ್ಗೆ ಯಾರೂ ಮಾತೇ ಆಡಲ್ಲ. ಬರ್ಲಿನ್ ಅರಮನೆಯ ಅದೇ ಜಾಗದಲ್ಲಿ 1976ರಿಂದ ಪೂರ್ವ ಜರ್ಮನಿಯ ‘ಗಣರಾಜ್ಯದ ಅರಮನೆ’ ಇತ್ತು, ಪಾರ್ಲಿಮೆಂಟ್ ಜೊತೆಗೆ ಹೋಟ್ಲು, ಬೌಲಿಂಗು, ಸಂಗೀತ ಎಲ್ಲಾ ಇದ್ದ ಜಾಗ, ಎಷ್ಟೋ ಜನ ಅಲ್ಲೇ ಮದ್ವೆ ಊಟ ಹಾಕ್ಸಿದ್ದಾರೆ. ಆಸ್ಬೆಸ್ಟಾಸ್ ಇದೆ ಅಂತ 1990ರಲ್ಲಿ ಮುಚ್ಚಿದ್ರು, ಸರಿ, ಆದ್ರೆ ಆಸ್ಬೆಸ್ಟಾಸ್ ತೆಗೆದಾದ್ಮೇಲೂ 2006ರಿಂದ 2008ರವರೆಗೆ ಕೆಡವಿದ್ರಲ್ಲ, ಅದಕ್ಕೇನಂತೀರಿ? ಮೇಲಿಂದ ಹುಂಬೋಲ್ಟ್ ಫೋರಂನ ಹೊಸ ಗುಮ್ಮಟದ ಮೇಲೆ ಶಿಲುಬೆ, ಸುತ್ತ ಎಲ್ಲರೂ ಯೇಸುವಿಗೆ ಮಂಡಿ ಊರಬೇಕು ಅನ್ನೋ ಬರಹ, ಕೆಳಗೆ ಆಫ್ರಿಕಾ ಏಷ್ಯಾದಿಂದ ತಂದ ವಸ್ತುಗಳ ಮ್ಯೂಸಿಯಂ. ನನ್ ಪ್ರಕಾರ ಗೆದ್ದೋರು ಸೋತೋರ ಕಟ್ಟಡನ ಅಳಿಸಿದ್ದು ಎರಡು ಸಲನೂ ಒಂದೇ.

ಹಳೇ ನಕಾಶೆ:
@ಕುಂದಾಪ್ರ ಕೋಡಿ, ಕೆಡವಿದ್ದು ತಪ್ಪು ಅನ್ನೋದು ಒಪ್ತೀನಿ, ‘ಒಂದೇ’ ಅನ್ನೋದು ಒಪ್ಪಲ್ಲ. ಹಳೇ ಅರಮನೆ ಮತ್ತೆ ಕಟ್ಟೋ ಬಗ್ಗೆ 2002ರಲ್ಲಿ ಪಾರ್ಲಿಮೆಂಟಲ್ಲಿ ಚರ್ಚೆ ಮಾಡಿ ಮತ ಹಾಕಿದ್ರು, ಬೀದೀಲಿ ಪ್ರತಿಭಟನೆ ಮಾಡಿದೋರನ್ನ ಯಾರೂ ಜೈಲಿಗೆ ಹಾಕ್ಲಿಲ್ಲ. 1950ರಲ್ಲಿ ಇತಿಹಾಸಕಾರರು ಬೇಡ ಅಂತ ಬರೆದ್ರೂ ಪಕ್ಷ ಕೇಳ್ಲಿಲ್ಲ.

ಸ್ಪ್ರೀ ದಂಡೆ:
ಥ್ಯಾಂಕ್ಸ್ ಎಲ್ರಿಗೂ. ಎಂಬಿಎ ಬಾಗಿಲು ನಾಳೆನೇ ನೋಡ್ತೀನಿ. ಪೂರ್ವ ಜರ್ಮನಿಯ ಡ್ರೆಸ್ಡೆನ್ ಊರಲ್ಲಿ ಯುದ್ಧದಲ್ಲಿ ಬಿದ್ದ ಫ್ರಾವೆನ್‌ಕಿರ್ಖೆ ಚರ್ಚ್ ಮಾತ್ರ ಕಟ್ಟದೆ ಕೆಡವದೆ ಹಾಗೇ ಬಿಟ್ಟಿದ್ರಲ್ಲ, ಅದ್ಯಾಕೆ?

ಧಾರವಾಡ ಪೇಢೆ:
ಅದೂ ಲೆಕ್ಕಾಚಾರನರಿ. ಫ್ರಾವೆನ್‌ಕಿರ್ಖೆ ಕಲ್ಲಿನ ಗುಡ್ಡಿನ ಯುದ್ಧದ ಸ್ಮಾರಕ ಅಂತ ಮಾಡಿ, ಅಮೆರಿಕಾ ಬ್ರಿಟನ್ ಬಾಂಬ್ ಹಾಕಿದ್ದಕ್ಕ ಸಾಕ್ಷಿ ಅಂತ ಪ್ರತಿ ಫೆಬ್ರವರಿ 13ಕ್ಕ ಭಾಷಣ ಬಿಗೀತಿದ್ರು. 1982ರಾಗ ಅದ ದಿನ ಹುಡುಗ್ರು ಮೇಣಬತ್ತಿ ಹಿಡ್ಕೊಂಡು ಅಲ್ಲೇ ಬಂದು ಕುಂತ್ರು, ಶಾಂತಿ ಬೇಕು ಅಂತ, ಸರ್ಕಾರದ ಪರ್ಮಿಶನ್ ಇಲ್ಲದ. ಪೊಲೀಸರಿಗೆ ಪೇಚಿಗಿಟ್ಟುಕೊಂಡಿತು, ತಾವ ಮಾಡಿದ ಸ್ಮಾರಕದಿಂದ ಹೆಂಗ ಎಬ್ಬಸೂದು? ಬರ್ಲಿನ್ ಗೋಡೆ ಬಿದ್ದಮ್ಯಾಲ 1994ಕ್ಕ ಚರ್ಚ್ ಕಟ್ಟಾಕ ಹತ್ತಿ 2005ಕ್ಕ ಮುಗಿಸಿದ್ರು. ಗ್ವಾಡ್ಯಾಗ ಕಾಣೂ ಕರೀ ಕಲ್ಲೆಲ್ಲಾ ಹೆಚ್ಚಾಗಿ ಹಳೇವು.