ಸಹಾಯ ಬೇಕು: ಅಮ್ಮನ ವಾಲ್ವ್ ಆಪರೇಷನ್ ಆದ ಮೇಲೆ ಐಎನ್‌ಆರ್ ಒಂದೇ ಮಟ್ಟದಲ್ಲಿ ನಿಲ್ಲುತ್ತಿಲ್ಲ

ನಮಸ್ಕಾರ. ನಮ್ಮದು ಕಾಪು ಹತ್ತಿರ. ಅಮ್ಮನಿಗೆ 54 ವರ್ಷ. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಮೈಟ್ರಲ್ ವಾಲ್ವ್ ಹಾಳಾಗಿತ್ತು. ಐದು ವಾರದ ಹಿಂದೆ ಲೋಹದ ವಾಲ್ವ್ ಹಾಕಿದ್ದಾರೆ. ರಾತ್ರಿ ಮನೆ ನಿಶ್ಶಬ್ದವಾದರೆ ಎದೆಯೊಳಗಿನ ಟಿಕ್ ಟಿಕ್ ನಮಗೂ ಕೇಳುತ್ತದೆ. ಅಮ್ಮ ಅದಕ್ಕೆ ನಗುತ್ತಾರೆ, ನನಗೆ ನಿದ್ದೆ ಇಲ್ಲ.

ತೊಂದರೆ ಇರುವುದು ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆಯದ್ದು. ಡಾಕ್ಟರ್ ಹೇಳಿದ್ದು ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಅಳತೆ) 2.5ರಿಂದ 3.5ರ ಒಳಗೆ ಇರಬೇಕೆಂದು. ಒಂದು ವಾರ 1.9, ಮತ್ತೊಂದು ವಾರ 4.1! ವಿಚಾರಿಸಿದರೆ ಹಿತ್ತಲಿನ ಬಸಳೆ ಚಪ್ಪರದ ಕಥೆ ಹೊರಬಿತ್ತು. ಒಂದು ವಾರ ದಿನಾ ಬಸಳೆ ಪದಾರ್ಥ, ನಾನು ಬೈದ ಮೇಲೆ ಸೊಪ್ಪೇ ಬಂದ್. ಸೊಪ್ಪಿನ ವಿಟಮಿನ್ ಕೆ ಮಾತ್ರೆಗೆ ಎದುರಾಗಿ ಕೆಲಸ ಮಾಡುತ್ತದಂತೆ. ಪೂರ್ತಿ ಬಿಡುವುದು ಬೇಡ, ದಿನವೂ ಹೆಚ್ಚುಕಮ್ಮಿ ಒಂದೇ ಅಳತೆ ಇರಲಿ ಎಂದಿದ್ದಾರೆ. ಆದರೆ ನಮ್ಮ ಅಡುಗೆಮನೆಯಲ್ಲಿ ಅಳತೆ ಯಾರಿಗೆ ಗೊತ್ತು ಮಾರಾಯ್ರೆ? ಬಸಳೆ, ಹರಿವೆ, ನುಗ್ಗೆಸೊಪ್ಪನ್ನು ನಿಮ್ಮ ಮನೆಯಲ್ಲಿ ಹೇಗೆ ಹಂಚಿಕೊಳ್ಳುತ್ತೀರಿ?

ಕಾಪು, ಉಡುಪಿ ಕಡೆ ಮನೆಗೇ ಬಂದು ರಕ್ತ ತೆಗೆದು ಅದೇ ದಿನ ರಿಪೋರ್ಟ್ ಕೊಡುವ ಲ್ಯಾಬ್ ಉಂಟಾ? ಎದೆಮೂಳೆ ಇನ್ನೂ ಕೂಡಿಲ್ಲ, ಬಸ್ಸಿನ ಕುಲುಕಾಟ ಅವರಿಗೆ ಆಗುವುದಿಲ್ಲ. ಬೆರಳು ಚುಚ್ಚಿ ನೋಡುವ ಐಎನ್‌ಆರ್ ಮಿಷನ್ ಬಳಸುವವರಿದ್ದರೆ, ಸ್ಟ್ರಿಪ್ ಮಂಗಳೂರಲ್ಲಿ ಸುಲಭವಾಗಿ ಸಿಗುತ್ತದಾ, ಹೇಳಿ.

ಕಷಾಯ, ನಾಟಿಮದ್ದಿನ ಸಲಹೆ ದಯವಿಟ್ಟು ಬೇಡ. ದೊಡ್ಡಮ್ಮ ಆಗಲೇ ಮೂರು ಬಾಟಲಿ ತಂದಿಟ್ಟಿದ್ದಾರೆ, ಅಡಗಿಸಿಟ್ಟಿದ್ದೇನೆ.