ಬ್ಯಾಲೆಯಲ್ಲಿ ಅತ್ತೆ ಇಲ್ಲ

ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿ ‘ನಟ್‌ಕ್ರ್ಯಾಕರ್’ ಬ್ಯಾಲೆ ನೋಡಿಕೊಂಡು ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ವೆಂಕಿ ಮನೆ ಸೇರುವಷ್ಟರಲ್ಲಿ ರಾತ್ರಿ 11 ಆಗಿತ್ತು. ಪದ್ಮ ಕೋಟು ಬಿಚ್ಚದೆಯೇ ಅವಲಕ್ಕಿ ತೊಳೆಯಲು ನಿಂತಳು. ವೆಂಕಿ ಐದು ಟಿಕೆಟ್ಟಿನ ಡಾಲರನ್ನು ರೂಪಾಯಿಗೆ ಗುಣಿಸಿ, ಬಂದ ಉತ್ತರ ಯಾರಿಗೂ ಹೇಳದೆ ಸೋಫಾದಲ್ಲಿ ಕುಸಿದ. ಮೈಸೂರಿನಿಂದ ಬಂದು ಮೂರು ವಾರವಾಗಿದ್ದ ಅವನ ಅಮ್ಮನಿಗೆ ಮಾತ್ರ ಒಂದು ಅನುಮಾನ ಕೊರೆಯುತ್ತಿತ್ತು.

“ಮೊದಲು ಪಾರ್ಟಿ ನಡೀತಲ್ಲ, ಅಲ್ಲಿಗೆ ಬಂದ ಅಜ್ಜಿ ಯಾರ ಕಡೆಯೋರು? ಗಂಡನ ತಾಯಿಯೋ, ಹೆಂಡತಿ ತಾಯಿಯೋ?”

ನಾವು ಮುಖ ಮುಖ ನೋಡಿಕೊಂಡೆವು. ಅಷ್ಟು ಹೊತ್ತು ಕಣ್ಣು ಬಿಟ್ಟುಕೊಂಡು ನೋಡಿದ್ದೇವೆ, ಅಜ್ಜಿಯ ಸಂಬಂಧ ಯಾರೂ ವಿಚಾರಿಸಿರಲಿಲ್ಲ.

“ಅದು ಗೊತ್ತಾಗೋದೇ ಇಲ್ಲಮ್ಮ,” ಅಂದ ಗುರು. ಅವನು ಹೋಗುವ ಮುಂಚೆಯೇ ಎಲ್ಲ ಓದಿಕೊಂಡು ಹೋಗುವ ಆಸಾಮಿ. “ಈ ಬ್ಯಾಲೆ ಕಟ್ಟಿದ ಜಾರ್ಜ್ ಬ್ಯಾಲಂಚೀನೇ ಹೇಳಿಬಿಟ್ಟಿದ್ದಾನೆ, ಬ್ಯಾಲೆಯಲ್ಲಿ ಅತ್ತೆಯರು ಇರಲ್ಲ ಅಂತ. ಇವಳು ಅವಳಿಗೆ ಅತ್ತೆ ಅಂತ ಕುಣಿದು ಹೇಗೆ ತೋರಿಸ್ತೀರಿ?”

“ಪುಣ್ಯಾತ್ಮ,” ಅಂತ ಅಡುಗೆಮನೆಯಿಂದ ಪದ್ಮಳ ದನಿ ಬಂತು. ಅಮ್ಮ ಕೇಳಿಸದವರ ಹಾಗೆ ಶಾಲು ಹೊದ್ದುಕೊಂಡರು.

“ಅವನಿಗೆ ಅತ್ತೆ ಇರಲಿಲ್ವೇನೋ?”

“ಇಲ್ಲದೆ ಏನು, ನಾಲ್ಕು ಮದುವೆ ಆಗಿದ್ದ. ನಾಲ್ಕೂ ಡ್ಯಾನ್ಸರುಗಳೇ.”

“ಹಾಗನ್ನು ಮತ್ತೆ. ನಾಲ್ಕು ಅತ್ತೆ ಕಂಡವನು, ಸ್ಟೇಜಿನ ಮೇಲಾದರೂ ಬೇಡ ಅಂದಿದ್ದಾನೆ.”

ಅಲ್ಲಿಂದ ಗುರುವನ್ನು ಹಿಡಿಯುವವರೇ ಇಲ್ಲ. ಮನುಷ್ಯ ಹುಟ್ಟಿದ್ದು 1904ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಅಪ್ಪ ಜಾರ್ಜಿಯಾ ಕಡೆಯ ಸಂಗೀತಗಾರ. ಅಕ್ಕನನ್ನು ಬ್ಯಾಲೆ ಶಾಲೆಗೆ ಸೇರಿಸಲು ಅಮ್ಮ ಹೊರಟಾಗ ಇವನೂ ಬಾಲದ ಹಾಗೆ ಹೋದ. ಅಕ್ಕನನ್ನು ಬಿಟ್ಟು ಇವನನ್ನು ಆರಿಸಿಕೊಂಡರು. ಇವನಿಗೋ ಬೇಡವೇ ಬೇಡ, ಒಂದು ಸಲ ಓಡಿಯೂ ಹೋಗಿದ್ದ. ರಷ್ಯಾದಲ್ಲಿ ಕ್ರಾಂತಿಯಾದಮೇಲೆ ಊಟಕ್ಕೇ ತತ್ವಾರ. ಮೂಕಿ ಸಿನಿಮಾಗೆ ಪಿಯಾನೊ ಬಾರಿಸಿ ಹೊಟ್ಟೆ ಹೊರೆದ. 1924ರಲ್ಲಿ ಪ್ರವಾಸ ಅಂತ ಹೊರಟವನು ವಾಪಸ್ ಹೋಗಲಿಲ್ಲ. ನಿಜವಾದ ಹೆಸರು ಗಿಯೋರ್ಗಿ ಬಲಾಂಚಿವಾಡ್ಜೆ. ಪ್ಯಾರಿಸ್‌ನಲ್ಲಿ ಬ್ಯಾಲೆ ಕಂಪನಿ ನಡೆಸುತ್ತಿದ್ದ ಡಿಯಾಗಿಲೆವ್, ಇದು ಯಾರ ನಾಲಿಗೆಗೂ ಹೊರಳಲ್ಲ ಅಂತ ಬಾಲ ಕತ್ತರಿಸಿದ.

“ನನ್ನನ್ನ ಆಫೀಸಲ್ಲಿ ವೆನ್ ಮಾಡಿಲ್ವಾ, ಹಾಗೆ,” ಅಂದ ವೆಂಕಿ. ಅವನ ಪೂರ್ತಿ ಹೆಸರು ವೆಂಕಟಸುಬ್ರಹ್ಮಣ್ಯ.

1933ರಲ್ಲಿ ಲಿಂಕನ್ ಕರ್‌ಸ್ಟೀನ್ ಎಂಬ ಶ್ರೀಮಂತರ ಮನೆಯ ಹುಡುಗ ಇವನನ್ನು ಹಿಡಿದು, ಅಮೆರಿಕಾಕ್ಕೆ ಬಾ, ಕಂಪನಿ ಕಟ್ಟೋಣ ಅಂದ. ಬರ್ತೀನಿ, ಆದರೆ ಮೊದಲು ಒಂದು ಶಾಲೆ ಬೇಕು ಅಂದನಂತೆ ಇವನು. 1934ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಶಾಲೆ ಶುರುವಾಯಿತು. ಕಂಪನಿಗೆ ನ್ಯೂಯಾರ್ಕ್ ಸಿಟಿ ಬ್ಯಾಲೆ ಅಂತ ಬೋರ್ಡು ಬಿದ್ದಿದ್ದು 1948ರಲ್ಲಿ.

ಶಾಲೆ ಅಂದಕೂಡಲೇ ಪದ್ಮ ಕೈಯೊರೆಸಿಕೊಂಡು ಬಂದು ಕೂತಳು. ಭಾನುವಾರ ಬೇಸ್‌ಮೆಂಟಿನಲ್ಲಿ ಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತಾಳೆ.

“ಆ ಶಾಲೆಯ ಹುಡುಗಿಯರನ್ನ ಇಟ್ಟುಕೊಂಡು ‘ಸೆರನೇಡ್’ ಅಂತ ಮಾಡಿದ,” ಅಂದ ಗುರು. “ಮೊದಲ ದಿನ 17 ಜನ ಬಂದರು. 17 ಜನಕ್ಕೆ ಸಾಲು ಹಾಕಿದ. ಮಾರನೇ ದಿನ ಬಂದಿದ್ದು 9. ಒಂಬತ್ತಕ್ಕೇ ಮುಂದಿನ ಭಾಗ ಜೋಡಿಸಿದ. ಮೂರನೇ ದಿನ 6. ಒಬ್ಬಳು ತಡವಾಗಿ ಓಡಿಬಂದಳು, ಅದನ್ನೂ ಸೇರಿಸಿದ. ಇನ್ನೊಬ್ಬಳು ಜಾರಿಬಿದ್ದು ಅತ್ತಳು.”

“ಅದನ್ನೂ?”

“ಅದನ್ನೂ. ಇವತ್ತಿಗೂ ಆ ಬ್ಯಾಲೆಯಲ್ಲಿ ಒಬ್ಬಳು ತಡವಾಗಿ ಬರ್ತಾಳೆ, ಒಬ್ಬಳು ಬೀಳ್ತಾಳೆ.”

ಪದ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಹೋದ ವಾರ ಹಿಮ ಬಿದ್ದಾಗ ನಾಲ್ಕೇ ಮಕ್ಕಳು ಬಂದಿದ್ದರು. ನಾನು ಟೀವಿ ಹಾಕಿ ಕೂರಿಸಿದೆ,” ಅಂದಳು.

ನನಗೆ ಇಷ್ಟವಾಗಿದ್ದು ಆನೆ ಕಥೆ. 1942ರಲ್ಲಿ ರಿಂಗ್ಲಿಂಗ್ ಸರ್ಕಸ್‌ನವರು ಆನೆಗಳಿಗೆ ಬ್ಯಾಲೆ ಮಾಡಿಕೊಡಿ ಅಂದರು. ಬ್ಯಾಲಂಚೀನ್ ಸಂಗೀತಕ್ಕೆ ದೊಡ್ಡ ಸಂಗೀತ ರಚನೆಕಾರ ಸ್ಟ್ರಾವಿನ್ಸ್ಕಿಗೇ ಫೋನ್ ಮಾಡಿದ. ಒಂದು ಪೋಲ್ಕಾ ಕುಣಿತದ ಸಂಗೀತ ಬೇಕು. ಯಾರಿಗೆ? ಆನೆಗಳಿಗೆ. ಎಷ್ಟು ವಯಸ್ಸು? ಚಿಕ್ಕವು. ತೀರಾ ಚಿಕ್ಕವಾದರೆ ಬರೆಯುತ್ತೇನೆ, ಅಂದನಂತೆ ಸ್ಟ್ರಾವಿನ್ಸ್ಕಿ. 50 ಆನೆ, 50 ಹುಡುಗಿಯರು. ಆನೆಗಳಿಗೂ ಬ್ಯಾಲೆ ಲಂಗ.

“ದರ್ಜಿಗೆ ಎಷ್ಟು ಕೊಟ್ಟಿರಬೇಕು!” ವೆಂಕಿ ಎದ್ದು ಕೂತ.

“ದುಡ್ಡಿನ ವಿಷಯ ಬೇಕಾ? ಕೇಳು. ಇವತ್ತು ನೋಡಿದೆಯಲ್ಲ, ಸ್ಟೇಜ್ ಮೇಲೆ ಕ್ರಿಸ್‌ಮಸ್ ಮರ ಬೆಳೀತಾ ಹೋಯ್ತಲ್ಲ. 1954ರಲ್ಲಿ ಈ ಬ್ಯಾಲೆ ಮಾಡುವಾಗ ಬ್ಯಾಲಂಚೀನ್‌ಗೆ ಕೊಟ್ಟಿದ್ದು 40 ಸಾವಿರ ಡಾಲರ್. ಮರ ಮೇಲಕ್ಕೂ ಏಳಬೇಕು, ಕೊಡೆ ಹಾಗೆ ಅರಳಲೂ ಬೇಕು ಅಂತ ಅದಕ್ಕೊಂದಕ್ಕೇ 25 ಸಾವಿರ ಸುರಿದ. ದುಡ್ಡು ಕೊಟ್ಟವನು ಸಿಟ್ಟಾಗಿ, ಮರ ಇಲ್ಲದೆ ಮಾಡೋಕಾಗಲ್ವಾ ಅಂದ. ಬ್ಯಾಲೆ ಅಂದರೆ ಆ ಮರವೇ ಅಂದನಂತೆ ಇವನು.”

ವೆಂಕಿ ಮತ್ತೆ ಮಲಗಿದ. ಮದುವೆ ಛತ್ರದ ಸ್ಟೇಜ್ ಡೆಕೊರೇಶನ್ ಲೆಕ್ಕ ನೆನಪಾಗಿರಬೇಕು.

ಬ್ಯಾಲಂಚೀನ್ ಪೂರ್ತಿ ಒಳ್ಳೆಯವನೇನಲ್ಲ ಬಿಡಿ. ಹುಡುಗಿಯರ ಮೈಕಟ್ಟಿನ ವಿಷಯದಲ್ಲಿ ಅವನ ಕಣ್ಣು ಬಹಳ ಬಿಗಿ, ಕಡ್ಡಿಯ ಹಾಗಿರಬೇಕು. ಬಾಯಿಯೂ ಸುಮ್ಮನಿರುತ್ತಿರಲಿಲ್ಲ. 1962ರಲ್ಲಿ ಕಂಪನಿ ಕಟ್ಟಿಕೊಂಡು ಮಾಸ್ಕೋಗೆ ಹೋದಾಗ, ಶಾಸ್ತ್ರೀಯ ಬ್ಯಾಲೆಯ ತವರಿಗೆ ಸ್ವಾಗತ ಅಂದರು. ತವರು ಈಗ ಅಮೆರಿಕಾ ಅಂದುಬಿಟ್ಟ.

“ತವರಿಗೆ ಹೋಗಿ ಹಾಗನ್ನೋದಾ!” ಅಮ್ಮನಿಗೆ ಅದು ಹಿಡಿಸಲಿಲ್ಲ.

“ಅದಿರಲಿ,” ಅಂತ ಪದ್ಮ ಎದ್ದು ನಿಂತಳು. ತಲೆಯಲ್ಲಿ ಇನ್ನೂ ಅತ್ತೆ ವಿಷಯವೇ ಓಡುತ್ತಿತ್ತು ಅಂತ ಕಾಣುತ್ತೆ. “ಅವನಿಗೆ ನಮ್ಮ ಹಳೇ ನೃತ್ಯಶಾಸ್ತ್ರದ ಪುಸ್ತಕ ‘ಅಭಿನಯದರ್ಪಣ’ ಗೊತ್ತಿರಲಿಲ್ಲ. ನಮ್ಮಲ್ಲಿ ನೆಂಟರನ್ನು ತೋರಿಸೋ ಮುದ್ರೆಗಳು, ಬಾಂಧವ ಹಸ್ತ ಅಂತಲೇ ಇದೆ. ಅತ್ತೆಗೊಂದು, ಮಾವನಿಗೊಂದು, ನಾದಿನಿಗೊಂದು, ಸೊಸೆಗೊಂದು. ಸವತಿಗೂ ಒಂದು. ಎಲ್ಲ ಕೈಯಲ್ಲೇ ತೋರಿಸಬಹುದು.”

“ಅತ್ತೆ ತೋರಿಸು ನೋಡೋಣ,” ಅಂದೆ ನಾನು.

ಒಂದು ಕೈ ಕತ್ತಿನ ಹತ್ತಿರ ಹೋಯಿತು, ಇನ್ನೊಂದು ಹೊಟ್ಟೆಯ ಹತ್ತಿರ ಬಂತು. ನಮಗೆ ಏನೂ ಗೊತ್ತಾಗಲಿಲ್ಲ. ಗಂಟಲು ನೋವಾ ಅಂದ ಗುರು.

ಅಷ್ಟರಲ್ಲಿ ಅಮ್ಮ ಎದ್ದರು. ಅಡುಗೆಮನೆ ಬಾಗಿಲಿಗೆ ಹೋಗಿ ನಿಂತು, ಬೆಳಗಿನಿಂದ ಸಿಂಕಿನಲ್ಲಿ ರಾಶಿ ಬಿದ್ದಿದ್ದ ಲೋಟಗಳನ್ನು ನೋಡಿದರು. ಆಮೇಲೆ ಸೋಫಾ ಮೇಲೆ ಕಾಲು ಚಾಚಿದ್ದ ಮಗನನ್ನು ನೋಡಿದರು. ಕೊನೆಗೆ, ಮುದ್ರೆ ಹಿಡಿದು ನಿಂತಿದ್ದ ಪದ್ಮಳನ್ನು ನೋಡಿದರು. ತುಟಿ ಪಿಟಕ್ಕೆನ್ನಲಿಲ್ಲ.

ವೆಂಕಿ ಎದ್ದು ಲೋಟ ತೊಳೆಯಲು ಹೋದ.